ಗೋಳಗುಚ್ಛ ಹುಟ್ಟಿದ್ದು ಯಾವ ಗೆಲಾಕ್ಸಿಯಲ್ಲಿ? ಗಾಯಾ ದತ್ತಾಂಶದಿಂದ ಪತ್ತೆ ಹಚ್ಚುವ ಕ್ರಮ

ಟುಕಾನಾ ತಾರಾಪುಂಜದಲ್ಲಿ, ಸಣ್ಣ ಮೆಗೆಲನ್ ಮೋಡ ಎಂಬ ಕುಬ್ಜ ಗೆಲಾಕ್ಸಿಯ ಮಗ್ಗುಲಿಗೆ, ಎರಡು ಗೋಳಗುಚ್ಛಗಳಿವೆ (ಗುರುತ್ವದಿಂದ ಚೆಂಡಿನಂತೆ ಒತ್ತಾಗಿ ಸೇರಿಕೊಂಡ ಲಕ್ಷಗಟ್ಟಲೆ ಹಳೆಯ ನಕ್ಷತ್ರಗಳ ಗುಂಪುಗಳು): 47 ಟುಕಾನೆ ಮತ್ತು ಎನ್‌ಜಿಸಿ 362. ಆಕಾಶದಲ್ಲಿ ಅವುಗಳ ನಡುವೆ ಮೂರು ಡಿಗ್ರಿ ಚಿಲ್ಲರೆ ಅಂತರ. ನೋಡಿದರೆ ಆ ಮೋಡಕ್ಕೇ ಸೇರಿದವು ಅನ್ನಿಸುತ್ತವೆ, ಆದರೆ ಅಲ್ಲ. ಮೋಡ ಇರುವುದು 60 ಕಿಲೊಪಾರ್ಸೆಕ್‌ಗೂ ಆಚೆ, ಇವು 4.5 ಮತ್ತು 8.8 ಕಿಲೊಪಾರ್ಸೆಕ್ ದೂರದಲ್ಲಿ, ನಮ್ಮ ಆಕಾಶಗಂಗೆಯ ಒಳಗೇ ಇವೆ (ಒಂದು ಕಿಲೊಪಾರ್ಸೆಕ್ ಎಂದರೆ ಸುಮಾರು 3,260 ಜ್ಯೋತಿರ್ವರ್ಷ). ಎರಡರಲ್ಲಿ ಒಂದು ಇಲ್ಲೇ ಹುಟ್ಟಿದ್ದು; ಇನ್ನೊಂದು, ಆಕಾಶಗಂಗೆ ನುಂಗಿಹಾಕಿದ ಬೇರೊಂದು ಗೆಲಾಕ್ಸಿಯ ಜೊತೆ ಬಂದದ್ದು. ಯಾವುದು ಯಾವುದೆಂದು ತಿಳಿಯಲು ಉಚಿತ ದತ್ತಾಂಶ, ಉಚಿತ ತಂತ್ರಾಂಶ ಮತ್ತು 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಸಾಕು. ಬೇಕಾದ ಅಳತೆ ಮೂರು: ವಯಸ್ಸು, ಲೋಹಾಂಶ (ಹೈಡ್ರೋಜನ್, ಹೀಲಿಯಂಗಿಂತ ಭಾರದ ಧಾತುಗಳೆಲ್ಲ ಖಗೋಳಜ್ಞರ ಲೆಕ್ಕದಲ್ಲಿ 'ಲೋಹ'), ಕಕ್ಷೆ. ವಯಸ್ಸು ಮತ್ತು ಕಕ್ಷೆಯನ್ನು ನೀವೇ ತೆಗೆಯಬಹುದು. ಲೋಹಾಂಶಕ್ಕೆ ರೋಹಿತ ಬೇಕಾಗುವುದರಿಂದ ಅದನ್ನು ಪ್ರಕಟಿತ ಪಟ್ಟಿಯಿಂದ ಎತ್ತಿಕೊಳ್ಳಬೇಕು.

ಮೊದಲು ಹುಟ್ಟಿನ ಸಂಗತಿ

ಗೋಳಗುಚ್ಛ ಹುಟ್ಟಲು ಬರೀ ಅನಿಲ ಇದ್ದರೆ ಸಾಲದು, ಆ ಅನಿಲ ಭಾರಿ ಒತ್ತಡಕ್ಕೆ ಸಿಕ್ಕಿ ಕೆಲವೇ ಪಾರ್ಸೆಕ್ ಜಾಗದಲ್ಲಿ ಕಿಕ್ಕಿರಿಯಬೇಕು. 1,000ದಿಂದ 1,300 ಕೋಟಿ ವರ್ಷಗಳ ಹಿಂದೆ ಗೆಲಾಕ್ಸಿಗಳಲ್ಲಿ ಅನಿಲ ಹೇರಳವಾಗಿತ್ತು, ಡಿಕ್ಕಿಗಳೂ ಹೆಚ್ಚಿದ್ದವು. ಹಾಗಾಗಿ ಇಂಥ ಜಾಗಗಳಿಗೆ ಬರವಿರಲಿಲ್ಲ. ಕೆಲವು ದಶಲಕ್ಷ ವರ್ಷಗಳೊಳಗೆ ಲಕ್ಷಗಟ್ಟಲೆ ನಕ್ಷತ್ರಗಳು ಒಟ್ಟಿಗೆ ಹುಟ್ಟುತ್ತವೆ. ಆಮೇಲೆ ದೊಡ್ಡ ನಕ್ಷತ್ರಗಳ ಬೆಳಕು, ಗಾಳಿ, ಸೂಪರ್‌ನೋವಾ ಸೇರಿ ಉಳಿದ ಅನಿಲವನ್ನು ಹೊರಗೆ ಊದಿಬಿಡುತ್ತವೆ. ಅಷ್ಟರೊಳಗೆ ಅನಿಲದ ದೊಡ್ಡ ಪಾಲು ನಕ್ಷತ್ರವಾಗಿದ್ದರೆ ಗುಚ್ಛ ಗುಚ್ಛವಾಗಿಯೇ ಉಳಿಯುತ್ತದೆ, ಇಲ್ಲವಾದರೆ ಚದುರಿಹೋಗುತ್ತದೆ.

ಇದು ಬರೀ ಲೆಕ್ಕಾಚಾರವಲ್ಲ. 'ಕಾಸ್ಮಿಕ್ ಜೆಮ್ಸ್' ಎಂಬ ಗುರುತ್ವ ಮಸೂರದ ಕಮಾನಿನಲ್ಲಿ (ನಡುವಿನ ಗೆಲಾಕ್ಸಿಗೊಂಚಲಿನ ಗುರುತ್ವ ಬಾಗಿಸಿ ಹಿಗ್ಗಿಸಿದ ದೂರದ ಗೆಲಾಕ್ಸಿಯ ಚಿತ್ರ) ವೆಬ್ ದೂರದರ್ಶಕ ಐದು ಎಳೆಯ ಗುಚ್ಛಗಳನ್ನು ಬಿಡಿಬಿಡಿಯಾಗಿ ತೋರಿಸಿತು. 2024ರಲ್ಲಿ ಪ್ರಕಟವಾದ ಆ ದೃಶ್ಯ ಮಹಾಸ್ಫೋಟವಾಗಿ 46 ಕೋಟಿ ವರ್ಷ ಕಳೆದಾಗಿನದು. ಒಂದೊಂದು ಗುಚ್ಛವೂ ಒಂದೇ ಪಾರ್ಸೆಕ್ ಆಸುಪಾಸಿನ ಗಾತ್ರದ್ದು, ತೂಕ ಮಾತ್ರ ಸುಮಾರು ಹತ್ತು ಲಕ್ಷ ಸೂರ್ಯರಷ್ಟು. ಆ ಕಾಲ ಮುಗಿದುಹೋಯಿತು ಎನ್ನುವಂತೆಯೂ ಇಲ್ಲ: ಈಗ ಡಿಕ್ಕಿಯಾಗುತ್ತಿರುವ ಆಂಟೆನೆ ಗೆಲಾಕ್ಸಿಗಳಲ್ಲಿ ಅದೇ ತೂಕದ ಹೊಸ ಗುಚ್ಛಗಳು ಹುಟ್ಟುತ್ತಲೇ ಇವೆ.

ನಮ್ಮ ಪತ್ತೆದಾರಿಕೆಗೆ ಮುಖ್ಯವಾದ ಸಂಗತಿ ಒಂದೇ. ದೊಡ್ಡ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಬೇಗಬೇಗ ಹುಟ್ಟಿ ಸಾಯುತ್ತವೆ, ಅಲ್ಲಿನ ಅನಿಲದಲ್ಲಿ ಕಬ್ಬಿಣ, ಆಮ್ಲಜನಕದಂಥ ಭಾರದ ಧಾತುಗಳು ಬೇಗ ತುಂಬಿಕೊಳ್ಳುತ್ತವೆ, ಗುರುತ್ವ ಬಲವಾಗಿರುವುದರಿಂದ ಆಚೆ ಸೋರಿಹೋಗುವುದೂ ಕಡಿಮೆ. ಕುಬ್ಜ ಗೆಲಾಕ್ಸಿಯಲ್ಲಿ ಇದೆಲ್ಲ ನಿಧಾನ. ಆದ್ದರಿಂದ ಒಂದೇ ಕಾಲದಲ್ಲಿ ಹುಟ್ಟಿದ ಎರಡು ಗುಚ್ಛಗಳಲ್ಲಿ ದೊಡ್ಡ ಮನೆಯದಕ್ಕೆ ಲೋಹಾಂಶ ಹೆಚ್ಚು, ಚಿಕ್ಕ ಮನೆಯದಕ್ಕೆ ಕಡಿಮೆ. ಅಡ್ಡಕ್ಕೆ ಲೋಹಾಂಶ, ಉದ್ದಕ್ಕೆ ವಯಸ್ಸು ಹಾಕಿ ಆಕಾಶಗಂಗೆಯ ಗುಚ್ಛಗಳನ್ನು ಗುರುತಿಸಿದರೆ ಅವು ಎರಡು ಕವಲಾಗಿ ಒಡೆಯುತ್ತವೆ. ಮುಂದಿನ ಕೆಲಸವೆಲ್ಲ ನಿಮ್ಮ ಗುಚ್ಛ ಯಾವ ಕವಲಿನಲ್ಲಿ ಕೂರುತ್ತದೆ ಎಂದು ಕಂಡುಕೊಳ್ಳುವುದಕ್ಕಾಗಿ.

ದತ್ತಾಂಶ ಇಳಿಸಿಕೊಳ್ಳುವುದು

ನಕ್ಷತ್ರಗಳ ಸ್ಥಾನ, ಚಲನೆ, ಬಣ್ಣ ಅಳೆದ ಯುರೋಪಿನ ಗಾಯಾ ಉಪಗ್ರಹದ ದತ್ತಾಂಶದ ಮೂರನೆಯ ಬಿಡುಗಡೆಯ (ಜೂನ್ 2022) ಮುಖ್ಯ ನಕ್ಷತ್ರಪಟ್ಟಿಯನ್ನು ಬಳಸಿ. ಟಾಪ್‌ಕ್ಯಾಟ್ ತಂತ್ರಾಂಶದಿಂದಲೇ ಪ್ರಶ್ನೆ ಕಳಿಸಬಹುದು, ಖಾತೆ ತೆರೆಯಬೇಕಿಲ್ಲ. ಆದರೆ ಪ್ರಶ್ನೆಯನ್ನು 'ಅಸಿಂಕ್ರೊನಸ್' ಎಂದೇ ಕೊಡಿ; 'ಸಿಂಕ್ರೊನಸ್' ಕೊಟ್ಟರೆ 2,000 ಸಾಲಿಗೆ ಪಟ್ಟಿ ತುಂಡಾಗುತ್ತದೆ, ಗುಚ್ಛ ಬಡಕಲಾಗಿ ಕಾಣುತ್ತದೆ.

47 ಟುಕಾನೆಯ ಕೇಂದ್ರ: ವಿಷುವದಂಶ 6.024 ಡಿಗ್ರಿ, ಘಂಟಾವೃತ್ತಾಂಶ −72.081 ಡಿಗ್ರಿ (ಆಕಾಶದ ರೇಖಾಂಶ, ಅಕ್ಷಾಂಶ ಇದ್ದಂತೆ). ಎನ್‌ಜಿಸಿ 362ರದು 15.809 ಮತ್ತು −70.849. ಎರಡಕ್ಕೂ ಅರ್ಧ ಡಿಗ್ರಿ ತ್ರಿಜ್ಯದ ವೃತ್ತ ಸಾಕು. ಚೌಕಾಕಾರದಲ್ಲಿ ಕತ್ತರಿಸಿಕೊಳ್ಳಲು ಹೋಗಬೇಡಿ. ಧ್ರುವದ ಅಷ್ಟು ಹತ್ತಿರದಲ್ಲಿ ವಿಷುವದಂಶದ ಒಂದು ಡಿಗ್ರಿ ಎಂದರೆ ಆಕಾಶದಲ್ಲಿ 0.31 ಡಿಗ್ರಿ ಮಾತ್ರ, ಚೌಕ ಕಿರಿದಾದ ಪಟ್ಟಿಯಾಗಿಬಿಡುತ್ತದೆ. ಇದೇ 0.31 ಸ್ವಚಲನೆಯಲ್ಲೂ (ಆಕಾಶದಲ್ಲಿ ನಕ್ಷತ್ರ ವರ್ಷಕ್ಕೆ ಸರಿಯುವ ಕೋನ) ಕೈಕೊಡುತ್ತದೆ: ಗಾಯಾ ಪಟ್ಟಿಯ ಪೂರ್ವ–ಪಶ್ಚಿಮ ಸ್ವಚಲನೆಗೆ ಘಂಟಾವೃತ್ತಾಂಶದ ಕೊಸೈನ್ ಗುಣಕ (ಅದೇ 0.31) ಮೊದಲೇ ಸೇರಿದೆ. ಹಳೆಯ ಪಟ್ಟಿಗಳ ಅಭ್ಯಾಸದಲ್ಲಿ ಮತ್ತೊಮ್ಮೆ ಗುಣಿಸಿದರೆ ವೇಗ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಕಕ್ಷೆ ಪೂರ್ತಿ ಹಾಳು.

ಬೇಕಾದ ಕಂಬಸಾಲುಗಳು: ಸ್ಥಾನ, ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ; ದೂರ ಹೆಚ್ಚಿದಷ್ಟೂ ಕಡಿಮೆ), ಎರಡು ಸ್ವಚಲನೆ, ಇವುಗಳ ದೋಷಮಿತಿ, ಜಿ ಕಾಂತಿಮಾನ (ಗಾಯಾ ಅಳೆದ ಒಟ್ಟು ಬೆಳಕು; ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂದ), ನೀಲಿ ಮೈನಸ್ ಕೆಂಪು ಬಣ್ಣಾಂಕ, 'ಆರ್‌ಯುಡಬ್ಲ್ಯುಇ' ಎಂಬ ಗುಣಮಟ್ಟದ ಅಂಕ. ಈ ಕೊನೆಯದು 1.4ಕ್ಕಿಂತ ಕಡಿಮೆ ಇರುವ ನಕ್ಷತ್ರಗಳನ್ನು ಮಾತ್ರ ಇಟ್ಟುಕೊಳ್ಳಿ.

ಸದಸ್ಯರನ್ನು ಬೇರ್ಪಡಿಸುವುದು

ಎರಡು ಸ್ವಚಲನೆಗಳನ್ನು ಒಂದಕ್ಕೊಂದು ಎದುರಾಗಿ ಚಿತ್ರಿಸಿ. 47 ಟುಕಾನೆಯ ಚಿತ್ರದಲ್ಲಿ ಎರಡು ಗಟ್ಟಿ ಗಡ್ಡೆಗಳು ಕಾಣುತ್ತವೆ. ವರ್ಷಕ್ಕೆ (5.25, −2.55) ಮಿಲಿ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು) ಬಳಿ ಇರುವುದು ಗುಚ್ಛ. (0.7, −1.2) ಬಳಿ ಇರುವುದು ಹಿನ್ನೆಲೆಯ ಮೆಗೆಲನ್ ಮೋಡ. ಗುಚ್ಛದ ನಡುವೆ 1.2 ಮಿಲಿ ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತ ಎಳೆದು ಒಳಗಿನವರನ್ನು ಆರಿಸಿ. ವೃತ್ತವನ್ನು ಇನ್ನೂ ಬಿಗಿ ಮಾಡುವ ಆಸೆ ಬರುತ್ತದೆ, ಬೇಡ. ಗುಚ್ಛದ ನಕ್ಷತ್ರಗಳು ಒಳಗೊಳಗೇ ಓಡಾಡುತ್ತವೆ; ಕೇಂದ್ರದ ಬಳಿ ಸೆಕೆಂಡಿಗೆ ಸುಮಾರು 12 ಕಿಲೊಮೀಟರ್ ಹರವು, ಅಂದರೆ 4.5 ಕಿಲೊಪಾರ್ಸೆಕ್ ದೂರಕ್ಕೆ 0.56 ಮಿಲಿ ಆರ್ಕ್‌ಸೆಕೆಂಡ್. ಅದರ ಮೇಲೆ ಮಂದ ನಕ್ಷತ್ರಗಳ ಅಳತೆ ದೋಷ ಬೇರೆ. ವೃತ್ತ ಬಿಗಿಯಾದಷ್ಟೂ ಮಂದ ನಕ್ಷತ್ರಗಳೇ ಮೊದಲು ಉದುರುತ್ತವೆ, ವಯಸ್ಸು ಹೇಳಬೇಕಾದ ಭಾಗವೇ ತೆಳುವಾಗುತ್ತದೆ. ಎನ್‌ಜಿಸಿ 362ರ ಗಡ್ಡೆ (6.69, −2.54) ಬಳಿ ಸಿಗುತ್ತದೆ.

ಪ್ಯಾರಲಾಕ್ಸ್ ಇಲ್ಲಿ ಅರ್ಧ ಉಪಯೋಗಿ. ಗುಚ್ಛದ ಪ್ಯಾರಲಾಕ್ಸ್ 0.22 ಮಿಲಿ ಆರ್ಕ್‌ಸೆಕೆಂಡ್. 18ನೇ ಕಾಂತಿಮಾನದ ಒಂದೊಂದು ನಕ್ಷತ್ರದ ದೋಷಮಿತಿಯೇ ಅದರ ಅರ್ಧಕ್ಕೂ ಮೇಲಿರುತ್ತದೆ. ಹಾಗಾಗಿ ಪ್ಯಾರಲಾಕ್ಸ್‌ನಿಂದ ಮೂರುಪಟ್ಟು ದೋಷಮಿತಿ ಕಳೆದ ಮೇಲೂ 0.22 ಮೀರುವವು ಹತ್ತಿರದ ನಕ್ಷತ್ರಗಳು ಎಂದು ತೆಗೆದುಹಾಕಲು ಮಾತ್ರ ಬಳಸಿ.

ಕೇಂದ್ರದ 5 ಆರ್ಕ್‌ಮಿನಿಟ್ ಒಳಗಿನದನ್ನು ಪೂರ್ತಿ ಬಿಟ್ಟುಬಿಡಿ. ಗಾಯಾ ಬಣ್ಣ ಅಳೆಯುವ ಕಿಟಕಿ 3.5 × 2.1 ಆರ್ಕ್‌ಸೆಕೆಂಡ್ ಅಗಲದ್ದು. ಗುಚ್ಛದ ನಡುಭಾಗದಲ್ಲಿ ಅಷ್ಟು ಜಾಗದಲ್ಲೇ ಹಲವು ನಕ್ಷತ್ರಗಳ ಬೆಳಕು ಬೆರೆತಿರುತ್ತದೆ. ಬಣ್ಣ ತಪ್ಪಿದರೆ ವಯಸ್ಸೂ ತಪ್ಪುತ್ತದೆ.

ಬಣ್ಣ–ಕಾಂತಿಮಾನ ನಕ್ಷೆಯಿಂದ ವಯಸ್ಸು

ಈಗ ಬಣ್ಣಾಂಕ ಅಡ್ಡಕ್ಕೆ, ಜಿ ಕಾಂತಿಮಾನ ತಲೆಕೆಳಗಾಗಿ ಉದ್ದಕ್ಕೆ. ಕೆಳಗಿನಿಂದ ಮುಖ್ಯ ಶ್ರೇಣಿ (ಒಡಲಲ್ಲಿ ಹೈಡ್ರೋಜನ್ ಉರಿಸುತ್ತಿರುವ ನಕ್ಷತ್ರಗಳ ಸಾಲು) ಓರೆಯಾಗಿ ಮೇಲೆ ಬಂದು, 47 ಟುಕಾನೆಯಲ್ಲಿ ಜಿ ಸುಮಾರು 17.5ರ ಬಳಿ ಬಲಕ್ಕೆ ತಿರುಗಿ, ಉಪದೈತ್ಯರ ಚಿಕ್ಕ ಸೇತುವೆ ದಾಟಿ ಕೆಂಪು ದೈತ್ಯರ ಕಡೆ ಏರುತ್ತದೆ. ತಿರುವಿಗಿಂತ ಮೇಲೆ, ಎಡಕ್ಕೆ, ಚದುರಿದ ಹಾಗೆ ಕಾಣುವ ಕೆಲವು ನೀಲಿ ನಕ್ಷತ್ರಗಳು 'ಬ್ಲೂ ಸ್ಟ್ರ್ಯಾಗ್ಲರ್'ಗಳು, ಅಂದರೆ ಜೋಡಿಯಿಂದ ದ್ರವ್ಯ ಹೀರಿಕೊಂಡು ಅಥವಾ ಒಂದಕ್ಕೊಂದು ಬೆಸೆದುಕೊಂಡು ಎಳೆಯವರಂತೆ ಕಾಣುವ ಮುದುಕರು. ಅವುಗಳನ್ನು ತಿರುವೆಂದು ಹಿಡಿದರೆ ವಯಸ್ಸು ಎಷ್ಟೋ ಕೋಟಿ ವರ್ಷ ಇಳಿದುಬಿಡುತ್ತದೆ. ಶ್ರೇಣಿಯ ಬಲಕ್ಕೆ 0.75 ಕಾಂತಿಮಾನದಷ್ಟು ಮೇಲೆ ಸಮಾನಾಂತರವಾಗಿ ಓಡುವ ನಸುಗೆರೆ ಸಮತೂಕದ ಜೋಡಿ ನಕ್ಷತ್ರಗಳದು. 20ಕ್ಕಿಂತ ಮಂದವಾದ ಕಡೆ ಶ್ರೇಣಿ ಎಡಕ್ಕೆ ಬಾಗಿದಂತೆ ಕಂಡರೆ ಅದು ಗುಚ್ಛದ ಗುಣವಲ್ಲ. ಮಂದ ಕೆಂಪು ನಕ್ಷತ್ರಗಳ ನೀಲಿ ಬೆಳಕನ್ನು ಗಾಯಾ ಹೆಚ್ಚಾಗಿ ಎಣಿಸುವುದರ ಪರಿಣಾಮ.

ಈ ನಕ್ಷೆಯ ಮೇಲೆ ಐಸೊಕ್ರೋನ್ ಕೂರಿಸಬೇಕು. ಒಂದೇ ವಯಸ್ಸಿನ, ಬೇರೆಬೇರೆ ತೂಕದ ನಕ್ಷತ್ರಗಳು ಎಲ್ಲೆಲ್ಲಿ ಇರಬೇಕೆಂದು ಮಾದರಿ ಹೇಳುವ ರೇಖೆ ಅದು. ಪಾರ್ಸೆಕ್ (ಇಲ್ಲಿ ದೂರದ ಮಾನವಲ್ಲ, ಮಾದರಿಯ ಹೆಸರು), ಮಿಸ್ಟ್, ಬಾಸ್ಟಿ ಮಾದರಿಗಳು ಮೂರೂ ಜಾಲತಾಣದಿಂದ ಉಚಿತವಾಗಿ ಸಿಗುತ್ತವೆ. 1,000ದಿಂದ 1,350 ಕೋಟಿ ವರ್ಷದವರೆಗೆ 25 ಕೋಟಿಯ ಹೆಜ್ಜೆಯಲ್ಲಿ ರೇಖೆಗಳನ್ನು ಇಳಿಸಿಕೊಳ್ಳಿ. ಬೆಳಕಿನ ಪಟ್ಟೆ ಆರಿಸುವಾಗ ಗಾಯಾದ ಮೂರನೇ ಬಿಡುಗಡೆಯದನ್ನೇ ಆರಿಸಿ. ಎರಡನೇ ಬಿಡುಗಡೆಯ ಪಟ್ಟೆಗಳು ಬೇರೆ, ಬಣ್ಣ ಸರಿದುಹೋಗುತ್ತದೆ.

ಲೋಹಾಂಶದ ಪೆಟ್ಟಿಗೆಯಲ್ಲಿ ಏನು ತುಂಬುವುದು ಎಂಬಲ್ಲಿ ಅರ್ಧಕ್ಕರ್ಧ ಜನ ಎಡವುತ್ತಾರೆ. ವಿಲಿಯಂ ಹ್ಯಾರಿಸ್ ಅವರ ಗೋಳಗುಚ್ಛಗಳ ಪಟ್ಟಿಯಲ್ಲಿ 47 ಟುಕಾನೆಯ ಕಬ್ಬಿಣದ ಅಂಕ −0.72, ಎನ್‌ಜಿಸಿ 362ರದು −1.26. ಇದು ಲಾಗ್ ಅಳತೆ, ಸೂರ್ಯ ಸೊನ್ನೆ. ಆದರೆ ಈ ಗುಚ್ಛಗಳಲ್ಲಿ ಆಮ್ಲಜನಕ, ಮೆಗ್ನೀಸಿಯಂ, ಸಿಲಿಕಾನ್‌ನಂಥ ಆಲ್ಫಾ ಧಾತುಗಳು ಕಬ್ಬಿಣಕ್ಕೆ ಹೋಲಿಸಿದರೆ ಸೂರ್ಯನಿಗಿಂತ ಸುಮಾರು ಎರಡು ಪಟ್ಟು. ನಿಮ್ಮ ಮಾದರಿ ಸೂರ್ಯನ ಪಾಕವನ್ನೇ ಅನುಸರಿಸುತ್ತಿದ್ದರೆ ಒಟ್ಟು ಲೋಹಾಂಶಕ್ಕೆ 0.21 ಕೂಡಿಸಬೇಕು: −0.72 ಬದಲು −0.51, −1.26 ಬದಲು −1.05. ಬಾಸ್ಟಿಯಲ್ಲಿ ಆಲ್ಫಾ ಹೆಚ್ಚಿಸಿದ ರೇಖೆಗಳೇ ಇವೆ. ಅವನ್ನು ತೆಗೆದುಕೊಂಡರೆ ಕಬ್ಬಿಣದ ಅಂಕ ಇದ್ದ ಹಾಗೇ ಹಾಕಿ, ಎರಡೆರಡು ಸಲ ಕೂಡಿಸಬೇಡಿ.

ದೂರವನ್ನೂ ದೂಳನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ದೂರ, ದೂಳು, ಲೋಹ, ವಯಸ್ಸು ನಾಲ್ಕನ್ನೂ ಸಡಿಲ ಬಿಟ್ಟರೆ ಯಾವ ರೇಖೆಯನ್ನಾದರೂ ಯಾವ ಗುಚ್ಛದ ಮೇಲಾದರೂ ಕೂರಿಸಬಹುದು, ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಬೌಮ್‌ಗಾರ್ಟ್ ಮತ್ತು ವಾಸಿಲಿಯೆವ್ 2021ರಲ್ಲಿ ಹಲವು ವಿಧಾನಗಳನ್ನು ಒಟ್ಟುಗೂಡಿಸಿ ಕೊಟ್ಟ ದೂರಗಳು 4.52 ಮತ್ತು 8.83 ಕಿಲೊಪಾರ್ಸೆಕ್. ಕಾಂತಿಮಾನದ ಲೆಕ್ಕಕ್ಕೆ ತಂದರೆ ಕ್ರಮವಾಗಿ 13.28 ಮತ್ತು 14.73. ಗಾಯಾ ಪ್ಯಾರಲಾಕ್ಸ್‌ನಿಂದಲೇ ದೂರ ತೆಗೆಯುವ ಹಟ ಬೇಡ: ಸರಾಸರಿಯಲ್ಲೂ ಉಳಿಯುವ 0.01 ಮಿಲಿ ಆರ್ಕ್‌ಸೆಕೆಂಡ್ ದೋಷ 47 ಟುಕಾನೆಗೆ 0.1 ಕಾಂತಿಮಾನವಾಗುತ್ತದೆ, ಅದು ವಯಸ್ಸಿನಲ್ಲಿ ಸುಮಾರು 100 ಕೋಟಿ ವರ್ಷ. ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟು. ದೂಳಿನಿಂದ ಬಣ್ಣ ಕೆಂಪಾಗುವ ಪ್ರಮಾಣ, ಬಿ ಮೈನಸ್ ವಿ (ನೀಲಿ ಮೈನಸ್ ಹಳದಿ–ಹಸಿರು) ಲೆಕ್ಕದಲ್ಲಿ, 47 ಟುಕಾನೆಗೆ 0.04, ಎನ್‌ಜಿಸಿ 362ಕ್ಕೆ 0.03ರಿಂದ 0.05. ಇದನ್ನು 2.74ರಿಂದ ಗುಣಿಸಿದರೆ ಜಿ ಎಷ್ಟು ಮಂದವಾಗಿದೆ ಎಂದೂ, 1.34ರಿಂದ ಗುಣಿಸಿದರೆ ಗಾಯಾ ಬಣ್ಣ ಎಷ್ಟು ಸರಿದಿದೆ ಎಂದೂ ಸಿಗುತ್ತದೆ. 47 ಟುಕಾನೆಗೆ ರೇಖೆಯನ್ನು 13.28 + 0.11 ಕೆಳಗೆ, 0.05 ಬಲಕ್ಕೆ ಸರಿಸಿ.

ಹೊಂದಿಕೆ ನೋಡಬೇಕಾದ್ದು ಎಲ್ಲಿ? ಕೆಂಪು ದೈತ್ಯರ ಕಂಬದಲ್ಲಿ ಅಲ್ಲ. ಅಲ್ಲಿನ ಬಣ್ಣ ನಕ್ಷತ್ರದ ಹೊರಪದರ ಕುದಿಯುವುದನ್ನು ಮಾದರಿ ಹೇಗೆ ಅಂದಾಜು ಮಾಡಿದೆ ಎಂಬುದರ ಮೇಲೆ ನಿಂತಿದೆ. ಮೊದಲು ತಿರುವಿಗಿಂತ ಎರಡು ಕಾಂತಿಮಾನ ಕೆಳಗೆ, 19.5ರ ಬಳಿ, ರೇಖೆ ಶ್ರೇಣಿಯ ಮೇಲೆ ಕೂತಿದೆಯೇ ನೋಡಿ; ಅಲ್ಲಿ ವಯಸ್ಸಿನ ಪ್ರಭಾವವಿಲ್ಲ, ತಪ್ಪಿದರೆ ದೂರ, ದೂಳು ಅಥವಾ ಲೋಹದಲ್ಲೇ ತಪ್ಪಿದೆ. ಅದು ಸರಿಯಾದ ಮೇಲೆ ಉಪದೈತ್ಯರ ಸೇತುವೆ. ಅದು ಹೆಚ್ಚುಕಡಿಮೆ ಅಡ್ಡವಾಗಿರುವುದರಿಂದ ಬಣ್ಣದಲ್ಲಿ ಕೊಂಚ ತಪ್ಪಿದರೂ ಎತ್ತರ ಬದಲಾಗುವುದಿಲ್ಲ, ಮತ್ತು ಆ ಎತ್ತರವೇ ವಯಸ್ಸು ಹೇಳುತ್ತದೆ (ಕೆಳಗಿಳಿದಷ್ಟೂ ಹಳೆಯದು). ಉತ್ತರ 1,380 ಕೋಟಿ ವರ್ಷ ಮೀರಿತೋ, ವಿಶ್ವಕ್ಕಿಂತ ಹಳೆಯ ಗುಚ್ಛ ಸಿಕ್ಕಿತೆಂದು ಹಿಗ್ಗಬೇಡಿ. ಆಲ್ಫಾ ಧಾತು ಮರೆತಿರುತ್ತೀರಿ, ಇಲ್ಲವೇ ದೂರ ಕಡಿಮೆ ಹಾಕಿರುತ್ತೀರಿ. ಎರಡೂ ವಯಸ್ಸನ್ನು ಏರಿಸುವ ತಪ್ಪುಗಳೇ.

ವ್ಯಾಂಡೆನ್‌ಬರ್ಗ್ ತಂಡ ಹಬಲ್ ದತ್ತಾಂಶದಿಂದ 2013ರಲ್ಲಿ ಕೊಟ್ಟ ವಯಸ್ಸು 47 ಟುಕಾನೆಗೆ 1,175 ಕೋಟಿ, ಎನ್‌ಜಿಸಿ 362ಕ್ಕೆ 1,075 ಕೋಟಿ ವರ್ಷ. ನಿಮ್ಮ ಅಂಕಿಗಳು ಮಾದರಿಗೆ ತಕ್ಕಂತೆ ಎರಡೂ ಒಟ್ಟಿಗೆ 100 ಕೋಟಿ ಮೇಲೆ ಕೆಳಗೆ ಹೋಗಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಮಾದರಿ, ಒಂದೇ ವಿಧಾನ ಬಳಸಿದ್ದರೆ ಎರಡರ ನಡುವಿನ ವ್ಯತ್ಯಾಸ ನಂಬಬಹುದಾದ್ದು.

ಈಗ ಅದನ್ನೇ ಗಮನಿಸಿ. ಎನ್‌ಜಿಸಿ 362 ಕಿರಿಯದು, ಆದರೂ ಅದರ ಕಬ್ಬಿಣ 47 ಟುಕಾನೆಯದಕ್ಕಿಂತ ಮೂರೂವರೆ ಪಟ್ಟು ಕಡಿಮೆ. ಒಂದೇ ಗೆಲಾಕ್ಸಿಯ ಅನಿಲ ಕಾಲ ಕಳೆದಂತೆ ಲೋಹ ಕೂಡಿಸಿಕೊಳ್ಳಬೇಕೇ ಹೊರತು ಕಳೆದುಕೊಳ್ಳಬಾರದು. ಎರಡೂ ಒಂದೇ ಮನೆಯವು ಎಂಬ ಊಹೆ ಇಲ್ಲಿ ಬಿರುಕು ಬಿಡುತ್ತದೆ.

ಕಕ್ಷೆಯ ಸಾಕ್ಷ್ಯ

ಬಿರುಕು ಬಿಟ್ಟಿತೆಂದು ತೀರ್ಪು ಕೊಡುವಂತಿಲ್ಲ. ಆಕಾಶಗಂಗೆಯ ಹೊರ ಅಂಚಿನಲ್ಲೂ ಲೋಹ ಕಡಿಮೆ ಇರುತ್ತಿತ್ತು ಎಂದು ಯಾರಾದರೂ ವಾದಿಸಬಹುದು. ಅದಕ್ಕೆ ಕಕ್ಷೆ ಬೇಕು. ಪೈಥಾನ್‌ನ ಗ್ಯಾಲ್‌ಪೈ ಪೊಟ್ಟಣಕ್ಕೆ ಆರು ಅಂಕಿ ಕೊಡಿ: ಎರಡು ಸ್ಥಾನಾಂಕ, ದೂರ, ಎರಡು ಸ್ವಚಲನೆ, ನಮ್ಮ ದೃಷ್ಟಿರೇಖೆಯ ವೇಗ. ಕೊನೆಯದು 47 ಟುಕಾನೆಗೆ ಸೆಕೆಂಡಿಗೆ −17 ಕಿಲೊಮೀಟರ್, ಎನ್‌ಜಿಸಿ 362ಕ್ಕೆ 223. ಸೂರ್ಯ ಆಕಾಶಗಂಗೆಯ ಕೇಂದ್ರದಿಂದ 8.2 ಕಿಲೊಪಾರ್ಸೆಕ್ ದೂರದಲ್ಲಿದೆ ಎಂದು ಇಟ್ಟುಕೊಳ್ಳಿ. 200 ಕೋಟಿ ವರ್ಷ ಹಿಂದಕ್ಕೆ ಓಡಿಸಿದರೆ ಸಾಕು. 1,000 ಕೋಟಿ ವರ್ಷ ಓಡಿಸಿ ಹುಟ್ಟಿದ ಜಾಗ ನೋಡುತ್ತೇನೆ ಎನ್ನುವುದು ಆಗದ ಮಾತು, ಅಂದಿನ ಆಕಾಶಗಂಗೆಯ ತೂಕವೂ ಆಕಾರವೂ ಬೇರೆ.

ಗುಚ್ಛಕ್ಕೆ ಮೊದಲು ಸೂರ್ಯನ ಕೋನೀಯ ಸಂವೇಗ ಲೆಕ್ಕ ಹಾಕಿ ನೋಡಿ. ಸುಮಾರು 2,000 ಕಿಲೊಪಾರ್ಸೆಕ್ × ಕಿಲೊಮೀಟರ್/ಸೆಕೆಂಡ್ ಬರಬೇಕು. ಚಿಹ್ನೆ ಮೈನಸ್ ಬಂದರೆ ನಿಮ್ಮ ಅಕ್ಷ ತಿರುಗಿದೆ; ಅದನ್ನು ಗಮನಿಸದೆ ಮುಂದೆ ಹೋದರೆ ಆಕಾಶಗಂಗೆಯ ಚಪ್ಪಟೆ ತಟ್ಟೆಯ ಜೊತೆ ಸುತ್ತುವ ಗುಚ್ಛ ಎದುರು ದಿಕ್ಕಿನದಾಗಿ ಕಂಡು 'ಹೊರಗಿನದು' ಎಂದು ಸುಳ್ಳು ಪತ್ತೆಯಾಗುತ್ತದೆ. ಕಕ್ಷೆಯ ಶಕ್ತಿಯ ಅಂಕಿಯನ್ನು ಬೇರೆಯವರ ಚಿತ್ರದ ಮೇಲೆ ಹಾಕುವ ಮುನ್ನ ಅವರು ಬಳಸಿದ ಗುರುತ್ವ ಮಾದರಿಯನ್ನೇ ನೀವೂ ಬಳಸಿದ್ದೀರಾ ನೋಡಿ. ಮಾದರಿ ಬದಲಾದರೆ ಶಕ್ತಿಯ ಸೊನ್ನೆಯೂ ಬದಲಾಗುತ್ತದೆ.

2019ರಲ್ಲಿ ಮಸ್ಸಾರಿ, ಕೊಪ್ಪೆಲ್ಮನ್, ಹೆಲ್ಮಿ ಇಟ್ಟ ಒರೆಗಲ್ಲು ಸರಳ. ಕಕ್ಷೆಯ ದೂರದ ತುದಿ 3.5 ಕಿಲೊಪಾರ್ಸೆಕ್ ಒಳಗಿದ್ದರೆ ಆಕಾಶಗಂಗೆಯ ನಡುವಿನ ಉಬ್ಬಿನಲ್ಲಿ ಹುಟ್ಟಿದ್ದು. ತಟ್ಟೆಯಿಂದ 5 ಕಿಲೊಪಾರ್ಸೆಕ್‌ಗಿಂತ ಮೇಲೇರದೆ, ಕಕ್ಷೆಯ ವೃತ್ತೀಯತೆ (ತಟ್ಟೆಯ ದಿಕ್ಕಿನ ಪೂರ್ಣ ವೃತ್ತಕ್ಕೆ 1) 0.5 ಮೀರಿದ್ದರೆ ತಟ್ಟೆಯಲ್ಲಿ ಹುಟ್ಟಿದ್ದು. 47 ಟುಕಾನೆ ಕೇಂದ್ರದಿಂದ ಸುಮಾರು 5.5 ಮತ್ತು 7.5 ಕಿಲೊಪಾರ್ಸೆಕ್ ನಡುವೆ ಶಿಸ್ತಾಗಿ ಸುತ್ತುತ್ತದೆ. ಎನ್‌ಜಿಸಿ 362 ಕೇಂದ್ರದ 1 ಕಿಲೊಪಾರ್ಸೆಕ್ ಹತ್ತಿರಕ್ಕೆ ಧುಮುಕಿ 12ರ ಆಚೆಗೆ ಹಾರುತ್ತದೆ. ಹೀಗೆ ಧುಮುಕಿ ಹಾರುವ ನಕ್ಷತ್ರಗಳ ದೊಡ್ಡ ಗುಂಪೊಂದನ್ನು 2018ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಗುರುತಿಸಿದವು. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆಗೆ ಡಿಕ್ಕಿ ಹೊಡೆದು ಕರಗಿಹೋದ ಆ ಗೆಲಾಕ್ಸಿಗೆ ಗಾಯಾ–ಎನ್‌ಸೆಲಡಸ್ ಎಂಬ ಹೆಸರಿದೆ. ಎನ್‌ಜಿಸಿ 362 ಅದರ ಪಾಲು, 47 ಟುಕಾನೆ ನಮ್ಮದೇ.

ಹುಟ್ಟಿದ ಮೇಲಿನ ಸವೆತ

ಗುಚ್ಛ ಇಂದು ಎಷ್ಟು ತೂಗುತ್ತದೋ ಅಷ್ಟೇ ತೂಕದಲ್ಲಿ ಹುಟ್ಟಲಿಲ್ಲ. ಎಳವೆಯಲ್ಲಿ ಅನಿಲ ಮೋಡಗಳ ಪೆಟ್ಟು. ಬಹುತೇಕ ಗುಚ್ಛಗಳು ಅಲ್ಲೇ ಮುಗಿದವು. ಗೆಲಾಕ್ಸಿಗಳ ಡಿಕ್ಕಿಯಲ್ಲಿ ಹೊರವಲಯಕ್ಕೆ ಚಿಮ್ಮಿದವು ಬದುಕಿಕೊಂಡವು. ಆಮೇಲಿನದು ನಿಧಾನದ ಸವೆತ: ನಕ್ಷತ್ರಗಳು ಒಂದನ್ನೊಂದು ಎಳೆದಾಡುತ್ತ ಭಾರದವು ಒಳಗಿಳಿಯುತ್ತವೆ, ಹಗುರದವು ಅಂಚಿಗೆ ಹೋಗಿ ಕಳಚಿಕೊಳ್ಳುತ್ತವೆ.

ಗೆಲಾಕ್ಸಿಯ ಎಳೆತಕ್ಕೆ ಗುಚ್ಛದ ಹಿಡಿತ ಸೋಲುವ ದೂರವನ್ನು ನೀವೇ ಲೆಕ್ಕ ಹಾಕಬಹುದು. ಗುಚ್ಛದ ತೂಕವನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಗೆಲಾಕ್ಸಿಯ ಸುತ್ತುವೇಗದ ವರ್ಗದ ಎರಡರಷ್ಟರಿಂದ ಭಾಗಿಸಿ, ಕೇಂದ್ರದಿಂದಿರುವ ದೂರದ ವರ್ಗದಿಂದ ಗುಣಿಸಿ, ಘನಮೂಲ ತೆಗೆಯಿರಿ. 47 ಟುಕಾನೆಗೆ 9 ಲಕ್ಷ ಸೂರ್ಯರ ತೂಕ, 7.5 ಕಿಲೊಪಾರ್ಸೆಕ್, ಸೆಕೆಂಡಿಗೆ 220 ಕಿಲೊಮೀಟರ್ ಹಾಕಿದರೆ 130 ಪಾರ್ಸೆಕ್ ಆಸುಪಾಸು; ಆಕಾಶದಲ್ಲಿ 1.7 ಡಿಗ್ರಿ. ಅಂದರೆ ನಾವು ಇಳಿಸಿಕೊಂಡ ಅರ್ಧ ಡಿಗ್ರಿ ವೃತ್ತ ವಯಸ್ಸಿಗೆ ಸಾಕು, ಕಳಚಿದ ನಕ್ಷತ್ರ ಹುಡುಕಲು ಸಾಲದು. ಕಳಚುವಿಕೆ ಕಣ್ಣಿಗೆ ಕಾಣುವಂತೆ ನೋಡಬೇಕಾದರೆ ಪಾಲೊಮಾರ್ 5 ಇದೆ; 2001ರಲ್ಲಿ ಪತ್ತೆಯಾದ ಅದರ ಎರಡು ಬಾಲಗಳು ಈಗ ಆಕಾಶದಲ್ಲಿ 20 ಡಿಗ್ರಿಗೂ ಉದ್ದಕ್ಕೆ ಸಿಕ್ಕಿವೆ.

ಭಾರದ ನಕ್ಷತ್ರಗಳು ಒಳಗಿಳಿದಿವೆಯೇ ಎಂದು ಗಾಯಾ ಪಟ್ಟಿಯಿಂದ ನೋಡಹೋದರೆ ಉತ್ತರ ಯಾವಾಗಲೂ 'ಹೌದು' ಎಂದೇ ಬರುತ್ತದೆ. ಜನಜಂಗುಳಿಯ ನಡುಭಾಗದಲ್ಲಿ ಮಂದ, ಅಂದರೆ ಹಗುರದ, ನಕ್ಷತ್ರಗಳನ್ನು ಗಾಯಾ ನೋಡುವುದೇ ಇಲ್ಲ. ಈ ಕೆಲಸಕ್ಕೆ ಹಬಲ್ ಪಟ್ಟಿಗಳೇ ಬೇಕು.

ದೂರದ ಗೆಲಾಕ್ಸಿಗಳಿಗೆ

ಅಲ್ಲಿ ಬಿಡಿ ನಕ್ಷತ್ರ ಕಾಣದು, ಗುಚ್ಛಗಳನ್ನು ಎಣಿಸಬೇಕು. ವರ್ಗೊ ಗೆಲಾಕ್ಸಿಗೊಂಚಲು 1.65 ಕೋಟಿ ಪಾರ್ಸೆಕ್ ದೂರ. ಗುಚ್ಛಗಳ ಸಂಖ್ಯೆ ತುದಿ ಮುಟ್ಟುವ ನಿಜಕಾಂತಿ (10 ಪಾರ್ಸೆಕ್ ದೂರದಲ್ಲಿಟ್ಟರೆ ಕಾಣುವ ಕಾಂತಿಮಾನ) −7.4 ಅಲ್ಲಿ 23.7 ಆಗಿ ಕಾಣುತ್ತದೆ. ಅದಕ್ಕಿಂತ ಮಂದವಾದವನ್ನು ಹಿಡಿಯದ ಚಿತ್ರದಲ್ಲಿ ಎಣಿಸಿದರೆ ಅರ್ಧ ಬಿಟ್ಟುಹೋಗುತ್ತದೆ, ತುದಿಯವರೆಗೆ ಎಣಿಸಿ ಎರಡರಿಂದ ಗುಣಿಸುವುದು ವಾಡಿಕೆ. 3 ಪಾರ್ಸೆಕ್ ಗುಚ್ಛ ಅಷ್ಟು ದೂರದಲ್ಲಿ 0.04 ಆರ್ಕ್‌ಸೆಕೆಂಡ್ ಮಾತ್ರ, ಹಾಗಾಗಿ ನೆಲದ ದೂರದರ್ಶಕದಲ್ಲಿ ನಮ್ಮದೇ ನಕ್ಷತ್ರದಂತೆ ತೋರುತ್ತದೆ. ಗೆಲಾಕ್ಸಿಯಿಂದ ದೂರದ ಖಾಲಿ ಜಾಗದಲ್ಲೂ ಎಣಿಸಿ ಕಳೆಯಲೇಬೇಕು.

ಎಣಿಕೆ ಕೈಗೆ ಬಂದರೆ ಗೆಲಾಕ್ಸಿಯ ಕಪ್ಪುದ್ರವ್ಯದ ತೂಕವೂ ಅಂದಾಜಾಗುತ್ತದೆ: ಗುಚ್ಛಗಳ ಒಟ್ಟು ತೂಕ ಗೆಲಾಕ್ಸಿಯ ಒಟ್ಟು ತೂಕದ ಲಕ್ಷದಲ್ಲಿ ಮೂರು ಪಾಲು. ಆಕಾಶಗಂಗೆಯಲ್ಲೇ ಒರೆಹಚ್ಚಿ: 150 ಗುಚ್ಛ, ಸರಾಸರಿ 2 ಲಕ್ಷ ಸೂರ್ಯರಂತೆ 3 ಕೋಟಿ, ಅದರಿಂದ ಗೆಲಾಕ್ಸಿ 1 ಲಕ್ಷ ಕೋಟಿ ಸೂರ್ಯರಷ್ಟು. ಬೇರೆ ವಿಧಾನಗಳೂ ಆಸುಪಾಸು ಇದನ್ನೇ ಹೇಳುತ್ತವೆ. ಈ ಅನುಪಾತ ಇಷ್ಟು ನೇರವಾಗಿ ಏಕೆ ಉಳಿದಿದೆ ಎಂಬುದರ ಬಗ್ಗೆ ವಾದ ಮುಗಿದಿಲ್ಲ. ಸಣ್ಣ ಗೆಲಾಕ್ಸಿಗಳು ಬೆಸೆದು ದೊಡ್ಡದಾಗುವಾಗ ಗುಚ್ಛಗಳ ತೂಕ, ಗೆಲಾಕ್ಸಿಯ ತೂಕ ಎರಡೂ ಒಟ್ಟಿಗೆ ಕೂಡುತ್ತವೆ ಎಂಬ ಸರಳ ಉತ್ತರವೇ ಹೆಚ್ಚು ಒಪ್ಪುವಂಥದು.

ಈ ಕ್ರಮ ನಡೆಯದ ಕಡೆ

ಒಮೆಗಾ ಸೆಂಟಾರಿಗೆ ಒಂದೇ ಐಸೊಕ್ರೋನ್ ಕೂರಿಸಬೇಡಿ. ಅದರ ನಕ್ಷತ್ರಗಳ ಕಬ್ಬಿಣದ ಅಂಕ ಸುಮಾರು −2ರಿಂದ −0.6ರವರೆಗೆ ಹರಡಿದೆ, ಅದು ಗುಚ್ಛಕ್ಕಿಂತ ಹೆಚ್ಚಾಗಿ, ಹೊರಮೈ ಕಿತ್ತುಹೋದ ಗೆಲಾಕ್ಸಿಯೊಂದರ ನಡುತಿರುಳು. 2024ರಲ್ಲಿ ಅದರ ಕೇಂದ್ರದ ಏಳು ವೇಗದ ನಕ್ಷತ್ರಗಳಿಂದ, ಅಲ್ಲಿ ಕನಿಷ್ಠ 8,200 ಸೂರ್ಯರ ತೂಕದ ಕಪ್ಪುಕುಳಿ ಇದೆಯೆಂಬ ಸಾಕ್ಷ್ಯ ಬಂತು. ಬೆಂಗಳೂರಿನಿಂದ ಏಪ್ರಿಲ್–ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ 29 ಡಿಗ್ರಿ ಎತ್ತರದಲ್ಲಿ ಬೈನಾಕ್ಯುಲರ್‌ಗೆ ಸಲೀಸಾಗಿ ಸಿಗುತ್ತದೆ. 47 ಟುಕಾನೆ ಅಲ್ಲಿ ಸುಮಾರು 5 ಡಿಗ್ರಿಯಷ್ಟೇ ಏರುತ್ತದೆ, ಬೀದರ್‌ನಲ್ಲಿ ದಿಗಂತವನ್ನು ಸವರಿಕೊಂಡಷ್ಟೇ ಹೋಗುತ್ತದೆ.

ಮೂರನೆಯ ಅಭ್ಯಾಸಕ್ಕೆ ಎಂ 4 ತೆಗೆದುಕೊಳ್ಳುವವರು ಬಹಳ. ಜ್ಯೇಷ್ಠಾ ನಕ್ಷತ್ರದ ಪಶ್ಚಿಮಕ್ಕೆ 1.3 ಡಿಗ್ರಿ, ದೂರ ಬರೀ 1.85 ಕಿಲೊಪಾರ್ಸೆಕ್, ಸ್ವಚಲನೆ (−12.5, −19.0), ಸದಸ್ಯರನ್ನು ಬೇರ್ಪಡಿಸುವುದು ಅತಿ ಸುಲಭ. ತೊಡಕು ದೂಳಿನದು: ಕೆಂಪಾಗುವ ಪ್ರಮಾಣ 0.37, ಅದೂ ಗುಚ್ಛದ ಒಂದು ಬದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಮತ್ತು ಆ ದಿಕ್ಕಿನ ದೂಳಿನ ಕಣಗಳು ಮಾಮೂಲಿಗಿಂತ ದೊಡ್ಡವು. ಅಲ್ಲಿ 2.74 ಗುಣಕ ಹಾಕಿದರೆ ಕಾಂತಿಮಾನ ಸಾಕಷ್ಟು ತಪ್ಪುತ್ತದೆ, ಮಾಮೂಲಿ 3.1ರ ಬದಲು 3.6ರ ದೂಳಿನ ನಿಯಮಕ್ಕೆ (ಬೆಳಕು ಮಂದವಾಗುವುದಕ್ಕೂ ಕೆಂಪಾಗುವುದಕ್ಕೂ ಇರುವ ಅನುಪಾತ ಇದು) ಗಾಯಾ ಗುಣಕಗಳನ್ನು ಹೊಸದಾಗಿ ತೆಗೆದುಕೊಂಡು, ಗುಚ್ಛವನ್ನು ನಾಲ್ಕು ಕಾಲುಭಾಗ ಮಾಡಿ ಒಂದೊಂದಕ್ಕೂ ಬೇರೆಬೇರೆ ಬಣ್ಣ ಸರಿಸಿ, ಆಮೇಲೆ ರೇಖೆ ಕೂರಿಸಿ.